ಯಾನ್ ಹುಸ್ ಸೇನೆ ಕಟ್ಟಿದವನಲ್ಲ

ಪ್ರಶ್ನೆ: ಯಾನ್ ಹುಸ್ ಪೋಪ್ ವಿರುದ್ಧ ಸೇನೆ ಕಟ್ಟಿ ಹೋರಾಡಿದನಂತೆ. ಅವನ ಕಡೆಯವರ ಬಾವುಟದ ಮೇಲೆ ಬಟ್ಟಲಿನ ಚಿತ್ರ ಯಾಕೆ?

ಇದೇ ಪ್ರಶ್ನೆ ಎಷ್ಟು ಸಲ ಬಂತೋ! ದಯವಿಟ್ಟು ಇಸವಿ ನೋಡಿ. ಚೆಕ್ ನಾಡಿನ ಪಾದ್ರಿ ಹುಸ್‌ನನ್ನು ಕಾನ್‌ಸ್ಟನ್ಸ್ ಊರಿನಲ್ಲಿ ಜೀವಂತ ಸುಟ್ಟದ್ದು 1415ರ ಜುಲೈ 6ರಂದು. ಪ್ರಾಗ್‌ನಲ್ಲಿ ರೊಚ್ಚಿಗೆದ್ದ ಅವನ ಕಡೆಯ ಜನ ನಗರಸಭೆಯವರನ್ನು ಕಿಟಕಿಯಿಂದ ಎಸೆದದ್ದು 1419ರಲ್ಲಿ. ಯುದ್ಧ ಶುರುವಾದದ್ದು ಆಮೇಲೆ. ಸುಟ್ಟು ಬೂದಿಯಾದವನು ಸೇನೆ ನಡೆಸುವುದು ಹೇಗೆ?

ಹುಸ್ ಪ್ರವಚನಕಾರ. 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಜನರಿಗೆ ಅವರದೇ ಚೆಕ್ ಮಾತಿನಲ್ಲಿ ಬೋಧಿಸುತ್ತಿದ್ದ. 1409ರಿಂದ ಮೂವರು ಏಕಕಾಲಕ್ಕೆ ತಾನೇ ಪೋಪ್ ಎನ್ನುತ್ತಿದ್ದರು. ಅವರಲ್ಲೊಬ್ಬ 23ನೇ ಜಾನ್. ನೇಪಲ್ಸ್ ದೊರೆಯ ಮೇಲಿನ ಯುದ್ಧಕ್ಕೆ ದುಡ್ಡು ಬೇಕೆಂದು ಅವನು ಪಾಪಕ್ಷಮೆಯ ಪತ್ರ ಮಾರಿಸಿದ. 1412ರಲ್ಲಿ ಹುಸ್ ಅದನ್ನು ನೇರವಾಗಿ ವಿರೋಧಿಸಿದ. ಯುದ್ಧದ ದುಡ್ಡನ್ನೇ ಬೇಡ ಎಂದವನನ್ನು ಸೇನಾಪತಿ ಮಾಡಿ ವಿಡಿಯೋ ಬಿಡುತ್ತಾರಲ್ಲ, ಅವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಈಗ ಬಟ್ಟಲಿನ ವಿಷಯ. ಆಗ ಚರ್ಚಿನ ಪೂಜೆಯಲ್ಲಿ ಜನರಿಗೆ ರೊಟ್ಟಿ ಮಾತ್ರ, ದ್ರಾಕ್ಷಾರಸ ಪಾದ್ರಿಗೆ ಮಾತ್ರ. ಇದು ಯಾಕೆ ಎಂದು ಕೇಳಿ, 1414ರಲ್ಲಿ ಎಲ್ಲರಿಗೂ ಬಟ್ಟಲು ಕೊಡಲು ಶುರುಮಾಡಿದವನು ಸ್ಟ್ರಿಬ್ರೋ ಊರಿನ ಯಾಕೌಬೆಕ್, ಹುಸ್ ಅಲ್ಲ. ಕಾನ್‌ಸ್ಟನ್ಸ್‌ನಲ್ಲಿ ಸೇರಿದ್ದ ಚರ್ಚಿನ ಧರ್ಮಸಭೆ (ಹುಸ್‌ಗೆ ಶಿಕ್ಷೆ ಕೊಟ್ಟದ್ದೂ ಇದೇ) ಅದನ್ನು ನಿಷೇಧಿಸಿತು. ಸೆರೆಯಲ್ಲಿದ್ದ ಹುಸ್ ಮಾತ್ರ, ಎಲ್ಲರಿಗೂ ಬಟ್ಟಲು ಕೊಡುವುದನ್ನು ವಿರೋಧಿಸಬೇಡಿ ಎಂದು ಪತ್ರ ಬರೆದ. ಅವನು ಸತ್ತ ಮೇಲೆ ಬಟ್ಟಲೇ ಅವನ ಕಡೆಯವರ ಗುರುತಾಯಿತು. ಪಾದ್ರಿಗೂ ರೈತನಿಗೂ ಒಂದೇ ಬಟ್ಟಲು ಎಂದರೆ ಅದು ಸಣ್ಣ ಮಾತಲ್ಲ, ಅಲ್ವಾ?

ಸೇನೆ ನಡೆಸಿದವನು ಯಾನ್ ಜಿಷ್ಕಾ. ಮೊದಲೇ ಒಕ್ಕಣ್ಣ, 1421ರಲ್ಲಿ ಇನ್ನೊಂದು ಕಣ್ಣೂ ಹೋಯಿತು. ಆದರೂ ಯುದ್ಧ ಬಿಡಲಿಲ್ಲ. ಗಾಡಿಗಳಿಗೆ ಹಲಗೆ ಹೊಡೆದು, ಸರಪಳಿ ಬಿಗಿದು ಕೋಟೆ ಮಾಡುತ್ತಿದ್ದ, ಒಳಗಿಂದ ಬಂದೂಕು ಹಾರಿಸುತ್ತಿದ್ದರು. 1420ರಲ್ಲಿ ಪ್ರಾಗ್ ಪಕ್ಕದ ವಿಟ್ಕೋವ್ ಗುಡ್ಡದಲ್ಲಿ ದೊರೆ ಸಿಗಿಸ್ಮಂಡ್‌ನ ಸೇನೆಯನ್ನು ಹಿಮ್ಮೆಟ್ಟಿಸಿದ. ಹುಸ್‌ಗೆ ಅಭಯಪತ್ರ ಕೊಟ್ಟು ಕೈಬಿಟ್ಟವನು ಇದೇ ಸಿಗಿಸ್ಮಂಡ್.

ಕೊನೆಗೆ ಹುಸ್ ಕಡೆಯವರನ್ನು ಮುರಿದದ್ದು ಒಳಜಗಳ. ಚರ್ಚಿನ ಜೊತೆ ರಾಜಿಗೆ ಒಪ್ಪಿದ ಬಟ್ಟಲಿನವರು ಕ್ಯಾಥೊಲಿಕರ ಜೊತೆ ಸೇರಿ, 1434ರಲ್ಲಿ ಲಿಪಾನಿಯಲ್ಲಿ ರಾಜಿಯಾಗದ ತಾಬೋರ್ ಊರಿನ ಕಟ್ಟಾ ಗುಂಪಿನವರನ್ನು ಸೋಲಿಸಿದರು. ನನಗೆ ಈ ಇತಿಹಾಸದಲ್ಲಿ ಅತಿ ನೋವಿನ ಜಾಗ ಇದು. ಎರಡು ವರ್ಷದ ಮೇಲೆ ಬಟ್ಟಲಿಗೆ ಒಪ್ಪಿಗೆಯೇನೋ ಸಿಕ್ಕಿತು.

ಪ್ರಶ್ನೆ: ಹುಸ್ ಲೂಥರನ ಶಿಷ್ಯನೇ?

ಜರ್ಮನಿಯ ಮತಸುಧಾರಕ ಲೂಥರ್ ಹುಟ್ಟಿದ್ದು 1483ರಲ್ಲಿ. ಅಲ್ಲ.

ಪ್ರಶ್ನೆ: ಜಿಷ್ಕಾ ಸತ್ತ ಮೇಲೆ ಅವನ ಚರ್ಮದಿಂದ ನಗಾರಿ ಮಾಡಿದರಂತೆ?

ಎದುರಾಳಿಗಳ ಕಡೆಯವರು ಬರೆದಿಟ್ಟ ಕಥೆ. ಸುಮ್ನೆ ಹರಡಬೇಡಿ.

ಪ್ರಶ್ನೆ: ಹುಸ್ ಸಮಾಧಿ ಎಲ್ಲಿದೆ?

ಇಲ್ಲ. ಜನ ಒಂದು ಚೂರೂ ಒಯ್ಯಬಾರದು ಎಂದು ಬೂದಿಯನ್ನು ರೈನ್ ನದಿಗೆ ಸುರಿದರು.