ಆಸ್ಟ್ರಿಯಾದ ಲಿಂಜ್ ಊರನ್ನ ಯುನೆಸ್ಕೋ ಯಾಕೆ 'ಮೀಡಿಯಾ ಆರ್ಟ್ಸ್ ಸಿಟಿ' ಮಾಡ್ತು, ಯುನೆಸ್ಕೋದ ಸೃಜನಶೀಲ ನಗರಗಳ ನೆಟ್‌ವರ್ಕಲ್ಲಿ ಅದರ ಕೆಲಸ ಏನು?

ಡಿಜಿಟಲ್ ಕಲೆಯನ್ನ ಊರಿನವರೆಲ್ಲರ ವಿಷಯ ಮಾಡಿದ್ದಕ್ಕೆ 2014ರಲ್ಲಿ ಲಿಂಜ್‌ಗೆ ಆ ಸ್ಥಾನ ಸಿಕ್ತು. ಡಿಜಿಟಲ್ ಕಲೆ ಅಂದ್ರೆ ಕಂಪ್ಯೂಟರ್, ಸೌಂಡು, ಸೆನ್ಸರ್, ವಿಡಿಯೋ ಇಟ್ಕೊಂಡು ಮಾಡೋ ಕಲೆ.

ಲಿಂಜ್ ಆಗ ಉಕ್ಕಿನ ಕಾರ್ಖಾನೆ ಊರು, ವಿಯೆನ್ನಾ ಥರ ಅರಮನೆ, ಒಪೆರಾ ಅಂತ ಹೆಸರು ಮಾಡಿದ್ದಲ್ಲ, ಅದಕ್ಕೇ ಟೆಕ್ನಾಲಜಿ ನಮ್ಮ ಜೀವನಾನ ಏನು ಮಾಡ್ತಿದೆ ಅನ್ನೋ ಪ್ರಶ್ನೆನೇ ಹಿಡ್ಕೊಂಡು 1979ರಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಅನ್ನೋ ಉತ್ಸವ ಶುರು ಮಾಡ್ತು. ಆ ವರ್ಷ ಡ್ಯಾನ್ಯೂಬ್ ನದಿ ದಂಡೆ ಪಾರ್ಕಲ್ಲಿ ದೊಡ್ಡ ಸ್ಪೀಕರ್ ಇಟ್ಟು ಆಸ್ಟ್ರಿಯಾದ ಸಂಗೀತಗಾರ ಬ್ರುಕ್ನರ್ ಬರೆದ ಸಿಂಫನಿ ಹಾಕಿದ್ರು, ಜನ ಮನೆ ಕಿಟಕೀಲಿ ರೇಡಿಯೋ ಇಟ್ಟು ಅದೇ ಸಂಗೀತಾನ ಬೀದಿಗೆ ಬಿಟ್ರು. ನನಗಂತೂ ಇಡೀ ಕಥೆಯಲ್ಲಿ ಇದೇ ತುಂಬಾ ಇಷ್ಟ. ಆಮೇಲೆ 1987ರಲ್ಲಿ ಡಿಜಿಟಲ್ ಕಲೆಗೆ ಅಂತ ಒಂದು ಪ್ರಶಸ್ತಿ, 1996ರಲ್ಲಿ ಮ್ಯೂಸಿಯಂ ಜೊತೆಗೆ ಕಲಾವಿದರು ಇಂಜಿನಿಯರ್‌ಗಳು ಒಟ್ಟಿಗೆ ಕೂತು ಕೆಲಸ ಮಾಡೋ ಲ್ಯಾಬ್ ಬಂತು.

ನೆಟ್‌ವರ್ಕಲ್ಲಿ ಲಿಂಜ್ ಮಾಡೋದು ಈ ಅನುಭವಾನ ಹಂಚೋದು. ಲಿಯಾನ್, ಸಪ್ಪೋರೊ, ಡಾಕರ್, ಯಾರ್ಕ್ ಥರದ ಊರುಗಳೂ ಇದೇ ಗುಂಪಲ್ಲಿವೆ, ಒಬ್ಬರ ಕಲಾವಿದರನ್ನ ಇನ್ನೊಬ್ಬರು ಕರೆಸ್ಕೊಳ್ತಾರೆ, ಸೇರಿ ಪ್ರದರ್ಶನ ಮಾಡ್ತಾರೆ. ಒಂದು ಸಲ ಹೆಸರು ಸಿಕ್ಕಿದ್ರೆ ಮುಗೀತು ಅಂತಲ್ಲ, ನಾಲ್ಕು ವರ್ಷಕ್ಕೊಮ್ಮೆ ಏನು ಮಾಡಿದೀವಿ ಅಂತ ಯುನೆಸ್ಕೋಗೆ ವರದಿ ಕೊಡ್ಲೇಬೇಕು.