ಹೊಳೆ ದಂಡೆಯ ರೈಸ್ ಮಿಲ್ ಕೆಡವಬೇಕೇ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ತುಂಗೆಯ ದಂಡೆಯಲ್ಲಿ ಅಜ್ಜನ ಕಾಲದ ರೈಸ್ ಮಿಲ್ ಇದೆ. ನಿಂತು ವರ್ಷಗಳಾದವು. 2019ರ ನೆರೆಯಲ್ಲಿ ಒಳಗೆ ನೀರು ಬಂದಿತ್ತು. ಕೆಡವಿ ಅಂಗಡಿ, ಮನೆ ಕಟ್ಟಿ ಅಂತ ಎಲ್ಲರ ಸಲಹೆ. ಗೋದಾಮಾಗಿ ಉಳಿಸಬಹುದು ಅಂತ ನಿಮ್ಮ ಲೇಖನ ಹೇಳಿತು. ಇದು ಆಗುವ ಮಾತೇ?"

ಆಗುವ ಮಾತು. ದಯವಿಟ್ಟು ಕೆಡವಬೇಡಿ.

ಮಿಲ್ಲಿನ ನೆಲ ಭತ್ತದ ಮೂಟೆಗಳ ಭಾರ ಹೊತ್ತದ್ದು. ಮಾಡು ಎತ್ತರ, ನಡುವೆ ಕಂಬ ಕಡಿಮೆ. ಅಲ್ಲಿ ಈಗ ಅಡಿಕೆ ಇಡಬಹುದು, ಆಮೇಲೆ ಮರಗೆಲಸದ ಶೆಡ್ ಮಾಡಬಹುದು, ಮುಂದೆಂದೋ ಶಾಲೆಯನ್ನೂ ನಡೆಸಬಹುದು. ಮನೆಗೆಂದು ಕಟ್ಟಿದ್ದನ್ನು ಗೋದಾಮು ಮಾಡುವುದು ಮಾತ್ರ ಕಷ್ಟ. ಕೆಡವಿದರೆ ಇದ್ದ ಕಲ್ಲು, ಮರ ಕಸವಾಗುತ್ತದೆ. ಹೊಸದಕ್ಕೆ ಮತ್ತೆ ಸಿಮೆಂಟು, ಕಬ್ಬಿಣ, ಮರಳು ಬೇಕು. ಆ ಮರಳೂ ಹೊಳೆಯದೇ ಅಲ್ವಾ?

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಕಾಲುವೆ ಪಕ್ಕ ವಾನ್ ನೆಲ್ಲೆ ಕಾರ್ಖಾನೆ ಇದೆ. 1925ರಿಂದ 1931ರ ನಡುವೆ ಕಟ್ಟಿದ್ದು. ಕಾಫಿ, ಚಹಾ, ತಂಬಾಕು ಅಲ್ಲಿ ತಯಾರಾಗುತ್ತಿತ್ತು. ಸರಕು ಮೇಲಿನ ಮಹಡಿಯಿಂದ ಕೆಳಗಿಳಿಯುತ್ತಾ ಬಂದು, ಇಳಿಜಾರು ಸೇತುವೆಗಳ ಮೂಲಕ ಗೋದಾಮು ಸೇರುತ್ತಿತ್ತು. ಗೋಡೆಯ ತುಂಬ ಗಾಜು, ಉದ್ದಕ್ಕೂ ತೆರೆದ ಮಹಡಿ. ಕೆಲಸ ನಿಂತ ಮೇಲೆ ಅದೇ ಮಹಡಿಗಳಿಗೆ ಕಚೇರಿಗಳು ಬಂದವು. 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಸಮುದ್ರದಂಚಿನ ಹಳೆಯ ವ್ಯಾಪಾರದ ಕೋಠಿ. 2012ರಿಂದ ಅಲ್ಲಿ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನ ನಡೆದಿದೆ.

ಆದರೆ ಆ ಎರಡೂ ಕಡೆ ನೀರು ಸರಕು ಸಾಗಿಸುವ ದಾರಿಯೂ ಹೌದು. ನಮ್ಮ ತುಂಗೆ ಹಾಗಲ್ಲ. ಇಲ್ಲಿ ಮಾಲು ಬರುವುದು ಲಾರಿಯಲ್ಲಿ. ಹಾಗಾಗಿ ಹೊಸ ಗೋದಾಮನ್ನು ದಂಡೆಯಲ್ಲಿ ಕಟ್ಟಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಇರುವುದನ್ನು ದುಡಿಸಿಕೊಳ್ಳಿ ಅನ್ನುತ್ತೇನೆ. ಗೋದಾಮು ಊರೊಳಗೆ ಉಳಿದರೆ ಹಮಾಲಿಗಳ ಕೂಲಿಯೂ ಊರೊಳಗೇ ಉಳಿಯುತ್ತದೆ. ದಂಡೆಯೆಲ್ಲ ಬರೀ ವಾಕಿಂಗ್ ಜಾಗವಾದರೆ ಅವರು ಎಲ್ಲಿಗೆ ಹೋಗಬೇಕು?

ಇನ್ನು ನೀರಿನ ವಿಷಯ. ಮೊದಲು 2019ರ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಗೆ ಗುರುತು ಹಾಕಿ. ಅದಕ್ಕಿಂತ ಕೆಳಗೆ ಹಾಳಾಗುವ ಯಾವ ವಸ್ತುವೂ ಬೇಡ. ಮೀಟರ್, ಸ್ವಿಚ್ಚು, ಮೋಟರ್ ಎಲ್ಲ ಮೇಲೆ. ಅಡಿಕೆಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ನಮ್ಮ ಹಿರಿಯರು ಅದನ್ನು ಅಟ್ಟದ ಮೇಲೆ ಇಡುತ್ತಿದ್ದರು. ನೀವೂ ಒಳಗೆ ಕಬ್ಬಿಣದ ಅಟ್ಟ ಹಾಕಿಸಿ. ವೆಲ್ಡಿಂಗ್ ಬೇಡ, ಬೋಲ್ಟ್ ಹಾಕಿಸಿ. ಬಾಡಿಗೆದಾರ ಬದಲಾದಾಗ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಕೆಳಗಿನ ನೆಲವನ್ನು ಲಾರಿಯಿಂದ ಮಾಲು ಇಳಿಸಲು ಬಿಡಿ. ಅಲ್ಲಿ ನೀರು ಬಂದರೆ ತೊಳೆದು ಒಣಗಿಸುವ ಹಾಗಿರಲಿ. ಒಳಬದಿಗೆ ಜಿಪ್ಸಂ, ಪ್ಲೈವುಡ್ ಬೇಡ. ಜಂಬಿಟ್ಟಿಗೆ, ಕಲ್ಲು, ಸುಣ್ಣದ ಗಾರೆ ಸಾಕು.

ಮಾಡಿನ ಹಂಚು ಗಟ್ಟಿ ಇದ್ದರೆ ತೆಗೆದು ತೊಳೆದು ಮತ್ತೆ ಹೊದಿಸಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಮೀಟರ್ ಮಾಡಾದರೆ 50 ಮಿಲಿಮೀಟರ್ ಮಳೆಗೆ 50,000 ಲೀಟರ್. ಅದಕ್ಕೊಂದು ತೊಟ್ಟಿ ಕಟ್ಟಿಸಿ.

ನಿಮ್ಮ ಪತ್ರದ ಕೊನೆಯಲ್ಲಿ ಕೀಟನಾಶಕದ ವ್ಯಾಪಾರಿಯೊಬ್ಬರು ಜಾಸ್ತಿ ಬಾಡಿಗೆ ಕೊಡಲು ಸಿದ್ಧ ಅಂತ ಬರೆದಿದ್ದೀರಿ. ಅವರಿಗೆ ಬೇಡ ಅನ್ನಿ. ನೆರೆ ನುಗ್ಗಿದರೆ ಆ ಡಬ್ಬಗಳು ಹೊಳೆಗೆ ಬೀಳುತ್ತವೆ. ಕೂಡ್ಲಿಯಲ್ಲಿ ಭದ್ರೆ ಬಂದು ಸೇರುತ್ತಾಳೆ. ಅಲ್ಲಿಂದ ಕೆಳಗೆ ಎಷ್ಟೋ ಊರುಗಳ ಕುಡಿಯುವ ನೀರು ಅದೇ.