ರುಮೇನಿಯಾದಲ್ಲಿ ಕಮ್ಯುನಿಸ್ಟರೇ ಅಧಿಕಾರಕ್ಕೆ ಬಂದ ಮೇಲೂ ಹಳೇ ಪೊಲೀಸ್ ಕಡತಗಳಿಗೆ ಅವರು ಹೆದರಿದ್ದೇಕೆ?

ಅಧಿಕಾರ ಬದಲಾದರೂ ಕಡತಗಳು ಉಳಿದವು, ಅದಕ್ಕೇ. ಯಾರು ಯಾವಾಗ ಬಾಯಿಬಿಟ್ಟರು ಎಂಬ ಅನುಮಾನವೂ ಅವುಗಳ ಜೊತೆಗೇ ಉಳಿಯಿತು.

ರುಮೇನಿಯಾದ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು 1921ರಲ್ಲಿ, ನಿಷೇಧವಾಗಿದ್ದು 1924ರಲ್ಲಿ. ಅಲ್ಲಿಂದ 1944ರವರೆಗೆ ಕಾರ್ಯಕರ್ತರದ್ದು ಸುಳ್ಳು ಹೆಸರು, ಬಾಡಿಗೆ ಕೋಣೆ, ಕೊನೆಗೆ ದೊಫ್ತಾನಾದಂಥ ಜೈಲು. ಬೆನ್ನಟ್ಟುತ್ತಿದ್ದದ್ದು 'ಸಿಗುರಾಂತ್ಸಾ' ಎಂಬ ರಹಸ್ಯ ಪೊಲೀಸ್ ದಳ. ನಿಷೇಧಿತ ಪಕ್ಷವನ್ನು ಹೊರಗೆ ನಿಂತು ಒಡೆಯುವುದು ಕಷ್ಟ. ಒಳಗಿನವನೊಬ್ಬ ಮಾಹಿತಿ ಕೊಟ್ಟರೆ ಸುಲಭ. ಹಾಗಾಗಿ ಸಿಕ್ಕಿಬಿದ್ದವನ ಮುಂದೆ ಪೊಲೀಸರು ಇಡುತ್ತಿದ್ದ ಆಯ್ಕೆ ಎರಡೇ: ಜೈಲು, ಇಲ್ಲವೇ ಸಹಕಾರ. ಬೇಗ ಬಿಡುಗಡೆಯಾಗಿ ಬಂದವನನ್ನು ಸಂಗಾತಿಗಳೇ ಸಂಶಯದಿಂದ ನೋಡುತ್ತಿದ್ದರು.

1948ರಲ್ಲಿ ಹೊಸ ರಹಸ್ಯ ಪೊಲೀಸ್ 'ಸೆಕುರಿತಾತೆ' ಹುಟ್ಟಿತು. ಹಳೇ ಅಧಿಕಾರಿಗಳಲ್ಲಿ ಅನೇಕರು ಈಗ ತಾವೇ ಕೈದಿಗಳು. ಅವರ ದಾಖಲೆಗಳು ಮಾತ್ರ ಪಕ್ಷದೊಳಗಿನ ಜಗಳಕ್ಕೆ ಅಸ್ತ್ರವಾದವು.

ಇದರ ಅತ್ಯಂತ ನೋವಿನ ಉದಾಹರಣೆ ಲುಕ್ರೆತ್ಸಿಯು ಪತ್ರಶ್ಕಾನು. ನಿಷೇಧದ ಕಾಲದಲ್ಲಿ ಕಮ್ಯುನಿಸ್ಟರ ಪರ ವಾದಿಸಿದ ವಕೀಲ, ಯುದ್ಧದ ನಂತರ ನ್ಯಾಯಮಂತ್ರಿ. 1948ರಲ್ಲಿ ಅವರನ್ನೇ ಬಂಧಿಸಿ, 'ನೀನು ಸಿಗುರಾಂತ್ಸಾ ಏಜೆಂಟ್ ಆಗಿದ್ದೆ' ಎಂಬ ಆರೋಪವನ್ನೂ ಹೊರಿಸಿದರು. ಪಕ್ಷದ ನಾಯಕ ಗ್ಯೋರ್ಗಿಯು-ದೇಜ್‌ಗೆ ಬೇಕಾಗಿದ್ದದ್ದು ಪ್ರತಿಸ್ಪರ್ಧಿಯನ್ನು ತೆಗೆಯುವುದು. ಹಳೇ ಪೊಲೀಸರ ಹೆಸರು ಅದಕ್ಕೆ ನೆಪವಾಯಿತು. 1954ರ ಏಪ್ರಿಲ್‌ನಲ್ಲಿ ಜಿಲಾವಾ ಜೈಲಿನಲ್ಲಿ ಪತ್ರಶ್ಕಾನು ಅವರನ್ನು ಗುಂಡಿಟ್ಟು ಕೊಂದರು. ಅವರು ನಿರ್ದೋಷಿ ಎಂದು ಪಕ್ಷವೇ ಒಪ್ಪಿಕೊಂಡದ್ದು 1968ರಲ್ಲಿ.